ಎಂಐಟಿ ಡಿಗ್ರಿ, ಪಾಂಡಿಚೇರಿ ಸೈಟು, ಆಮೇಲೆ ಬಡಗಿ ಕೆಲಸ: ಜಾರ್ಜ್ ನಕಾಶಿಮಾ ನೆನಪು



ನಮ್ಮ ಐಟಿಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾತಿಯ ವಿಡಿಯೋ ತಿಂಗಳಿಗೊಂದಾದರೂ ಬರುತ್ತೆ. ಲಕ್ಷಗಟ್ಟಲೆ ಸಂಬಳ ಬಿಟ್ಟು ಹಸು ಸಾಕಿದ ಇಂಜಿನಿಯರ್, ಕೋಡಿಂಗ್ ಬಿಟ್ಟು ಮಡಕೆ ಮಾಡೋಕೆ ಕೂತ ಇಂಜಿನಿಯರ್. ಮೊದಲನೇ ನಿಮಿಷದಲ್ಲಿ ರಾಜೀನಾಮೆ ಪತ್ರ, ಎರಡನೇ ನಿಮಿಷದಲ್ಲಿ ಹಸಿರು ಗದ್ದೆ, ಹಿಂದೆ ಕೊಳಲು. ಮಧ್ಯದ ವರ್ಷಗಳು ಎಲ್ಲಿಗೆ ಹೋದವು ಅಂತ ಯಾರೂ ಹೇಳಲ್ಲ. ಮನೆ ಬಾಡಿಗೆ ಯಾರು ಕಟ್ಟಿದರು, ಕೆಲಸ ಯಾರ ಹತ್ರ ಕಲಿತರು, ಮೊದಲನೇ ಗಿರಾಕಿ ಎಲ್ಲಿ ಸಿಕ್ಕಿದ, ಇದು ಯಾವುದೂ ಇರಲ್ಲ. ಈ ವಿಡಿಯೋಗಳನ್ನ ನಾನೂ ಪೂರ್ತಿ ನೋಡ್ತೀನಿ, ಸುಳ್ಳು ಹೇಳಲ್ಲ. ಆದರೆ ನೋಡಿ ಮುಗಿಸಿದ ಮೇಲೆ ಏನೂ ಕಲಿತ ಹಾಗೆ ಅನಿಸಲ್ಲ.

ಅದಕ್ಕೇ ಇವತ್ತು ಮಧ್ಯದ ವರ್ಷಗಳ ಲೆಕ್ಕ ಸಿಗುವ ಒಬ್ಬರ ಬಗ್ಗೆ ಮಾತಾಡೋಣ ಅಂತ. ಹೆಸರು ಜಾರ್ಜ್ ನಕಾಶಿಮಾ. ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮನೆತನದವರು. 1905ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಲ್ಲಿ ಹುಟ್ಟಿದ್ದು, 1990ರಲ್ಲಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ತೀರಿಕೊಂಡಿದ್ದು. ಮರಗೆಲಸದವರ ಲೋಕದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ಈಗ ಬೆಂಗಳೂರು, ಹೈದರಾಬಾದಿನ ಕಾಫಿ ಅಂಗಡಿಗಳಲ್ಲಿ ಅಂಚು ಕತ್ತರಿಸದೆ, ತೊಗಟೆ ಕಡೆಯ ವಂಕಿ ಹಾಗೇ ಬಿಟ್ಟಿರೋ ದಪ್ಪ ಹಲಗೆಯ ಟೇಬಲ್ ನೋಡಿರ್ತೀರಲ್ಲ, ಆ ಶೈಲಿ ಇಷ್ಟು ಹೆಸರಾಗೋಕೆ ಇವರು ದೊಡ್ಡ ಕಾರಣ.

ಒಂದು ತಕರಾರು ಮೊದಲೇ ಮುಗಿಸಿಬಿಡ್ತೀನಿ. ನಕಾಶಿಮಾ ಓದಿದ್ದು ಆರ್ಕಿಟೆಕ್ಚರ್. ಆರ್ಕಿಟೆಕ್ಟನ್ನ ಇಂಜಿನಿಯರ್ ಅಂದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತೆ, ಗೊತ್ತು. ಆದರೆ ಅವರು ಮರಕ್ಕೆ ಬರೋ ಮುಂಚೆ ಮಾಡಿದ ದೊಡ್ಡ ಕೆಲಸ ಏನು ಅಂದರೆ ಸೈಟ್‌ನಲ್ಲಿ ನಿಂತು ಕಾಂಕ್ರೀಟ್ ಹಾಕಿಸಿದ್ದು. ಅದೂ ಎಲ್ಲಿ? ನಾವು ಚೆನ್ನೈನಲ್ಲಿರೋರು ಇಸಿಆರ್ ಹಿಡಿದು ಶನಿವಾರ ಭಾನುವಾರ ಹೋಗ್ತೀವಲ್ಲ, ಆ ಪಾಂಡಿಚೇರಿಯಲ್ಲಿ.

ಮೊದಲಿಂದ ಬರೋಣ. ಕಾಲೇಜಿಗೆ ಸೇರಿದಾಗ ಮೊದಲು ಓದಿದ್ದು ಅರಣ್ಯಶಾಸ್ತ್ರ. ಆಮೇಲೆ ಆರ್ಕಿಟೆಕ್ಚರ್‌ಗೆ ಬದಲಾಯಿಸಿಕೊಂಡರು. ಬ್ರಾಂಚ್ ಚೇಂಜ್ ಅಂತೀವಲ್ಲ, ಅದೇ. 1929ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಿಗ್ರಿ, ಅದಾದ ಮೇಲೆ ಎಂಐಟಿಯಲ್ಲಿ ಮಾಸ್ಟರ್ಸ್. ಹೊರಗೆ ಬಂದಾಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ನಕಾಶಿಮಾ ಕಾರು ಮಾರಿ, ಆ ದುಡ್ಡಲ್ಲಿ ಪ್ರಪಂಚ ಸುತ್ತುವ ಹಡಗಿನ ಟಿಕೆಟ್ ತಗೊಂಡರು. ಪ್ಯಾರಿಸ್‌ನಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡು ಒಂದು ವರ್ಷ, ಆಮೇಲೆ ಉತ್ತರ ಆಫ್ರಿಕಾ, ಕೊನೆಗೆ ಜಪಾನ್. ಟೋಕಿಯೋದಲ್ಲಿ ಆಂಟೊನಿನ್ ರೇಮಂಡ್ ಅನ್ನುವವರ ಆಫೀಸಿಗೆ ಸೇರಿದರು. ರೇಮಂಡ್ ಅಂದರೆ ಫ್ರ್ಯಾಂಕ್ ಲಾಯ್ಡ್ ರೈಟ್ ಜೊತೆ ಇಂಪೀರಿಯಲ್ ಹೋಟೆಲ್ ಕೆಲಸಕ್ಕೆ ಜಪಾನಿಗೆ ಬಂದು ಅಲ್ಲೇ ಉಳಿದ ಆರ್ಕಿಟೆಕ್ಟ್.

ರೇಮಂಡ್ ಆಫೀಸಿಗೆ ಪಾಂಡಿಚೇರಿಯ ಅರವಿಂದಾಶ್ರಮದಿಂದ ಒಂದು ಪ್ರಾಜೆಕ್ಟ್ ಬಂತು. ಸಾಧಕರಿಗೆ ಇರೋದಕ್ಕೆ ಒಂದು ವಸತಿ ಕಟ್ಟಡ. ದುಡ್ಡು ಬಂದದ್ದು ಹೈದರಾಬಾದ್ ನಿಜಾಮರ ಕಡೆಯಿಂದ, ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ. ಅದಕ್ಕೇ ಕಟ್ಟಡಕ್ಕೆ ಗೋಲ್ಕೊಂಡ ಅನ್ನುವ ಹೆಸರು. ಹೈದರಾಬಾದಿನಲ್ಲಿ ಕೂತು ಇದನ್ನ ನೋಡ್ತಾ ಇರೋರು ಸ್ವಲ್ಪ ಹೆಮ್ಮೆ ಪಡಬಹುದು. 1937ರಲ್ಲಿ ಕೆಲಸ ಶುರು. ಸೈಟ್ ನೋಡಿಕೊಳ್ಳೋಕೆ ಟೋಕಿಯೋದಿಂದ ಬಂದವರು ನಕಾಶಿಮಾ, ಆಗ ವಯಸ್ಸು 32ರ ಆಸುಪಾಸು.

ಗೋಲ್ಕೊಂಡ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ಆ ಮನುಷ್ಯನ ತಲೆ ಹೇಗೆ ಓಡ್ತಿತ್ತು ಅಂತ ಅಲ್ಲೇ ಗೊತ್ತಾಗೋದು. ಉದ್ದನೆಯ ಎರಡು ಮುಖಗಳು ಉತ್ತರಕ್ಕೆ ಮತ್ತು ದಕ್ಷಿಣಕ್ಕೆ, ಬಿಸಿಲು ನೇರವಾಗಿ ಬೀಳದ ಹಾಗೆ. ಆ ಮುಖಗಳ ಪೂರ್ತಿ ಅಡ್ಡಪಟ್ಟಿಗಳ ಲೂವರ್, ಗಾಜಿಲ್ಲ. ಪಟ್ಟಿಗಳನ್ನ ಬೇಕಾದ ಕೋನಕ್ಕೆ ತಿರುಗಿಸಿಕೊಂಡು ಗಾಳಿ ಬಿಟ್ಕೋಬಹುದು, ಮಳೆ ತಡೀಬಹುದು. ಕೋಣೆ ಬಾಗಿಲುಗಳು ತೇಗದ ಪಟ್ಟಿ ಜೋಡಿಸಿದ ಜಾರು ಬಾಗಿಲು, ಮುಚ್ಚಿದರೂ ಗಾಳಿ ಆಡುತ್ತೆ. ಮಾಳಿಗೆ ಮೇಲೆ ಕಮಾನಿನ ಆಕಾರದ ಕಾಂಕ್ರೀಟ್ ಹಂಚು, ಕೆಳಗಿನ ಸ್ಲ್ಯಾಬ್‌ಗೂ ಇದಕ್ಕೂ ಮಧ್ಯೆ ಗಾಳಿಯ ಪದರ. ಎಸಿ ಇಲ್ಲದೆ ಕೋರಮಂಡಲ ಕರಾವಳಿಯ ಮೇ ತಿಂಗಳು ಕಳೆಯೋ ಹಾಗೆ ಮಾಡಿದ ವ್ಯವಸ್ಥೆ ಇದು. ಓಎಂಆರ್ ಮೇಲೆ ನಾವು ಕೆಲಸ ಮಾಡೋ ಗಾಜಿನ ಡಬ್ಬಿಗಳನ್ನ ಕಟ್ಟಿದವರು ಒಂದು ಸಲ ಪಾಂಡಿಚೇರಿಗೆ ಹೋಗಿ ಬರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತೆ. ಇರಲಿ.

ಬಲವರ್ಧಿತ ಕಾಂಕ್ರೀಟ್ ಅನ್ನೋದು ಆಗ ನಮ್ಮ ದೇಶದಲ್ಲಿ ಹೊಸದು. ಕೆಲಸ ಮಾಡಿದವರಲ್ಲಿ ಬಹಳಷ್ಟು ಜನ ಆಶ್ರಮದ ಸಾಧಕರು, ಕಟ್ಟಡದ ಕೆಲಸ ಗೊತ್ತಿದ್ದೋರಲ್ಲ. ಅವರ ಕೈಲಿ ಅಚ್ಚು ಕಟ್ಟಿಸಿ, ಕಂಬಿ ಹಾಕಿಸಿ, ಕಾಂಕ್ರೀಟ್ ಸುರಿಸಬೇಕು. ಡೆಡ್‌ಲೈನ್ ಒತ್ತಡ ಇಲ್ಲ, ಆದರೆ ಸರಿಯಾಗಿಲ್ಲ ಅಂದರೆ ಮತ್ತೆ ಮಾಡಬೇಕು. ಹೀಗೆ ಹಲವು ವರ್ಷ ನಡೀತು. ಒಳಗಿನ ಮಂಚ, ಕುರ್ಚಿ, ಮೇಜುಗಳನ್ನ ತೇಗದಲ್ಲಿ ರೂಪಿಸಿದ್ದು ನಕಾಶಿಮಾ. ಅವರ ಮೊದಲ ಪೀಠೋಪಕರಣಗಳು ಅಂತ ಇವನ್ನೇ ಹೇಳ್ತಾರೆ. ಅಂದರೆ ಇವರ ಮರಗೆಲಸದ ಅಡ್ರೆಸ್ ಹುಡುಕಿಕೊಂಡು ಹೋದರೆ ಮೊದಲು ಸಿಗೋದು ಅಮೆರಿಕ ಅಲ್ಲ, ಜಪಾನೂ ಅಲ್ಲ, ನಮ್ಮ ಬಂಗಾಳಕೊಲ್ಲಿಯ ದಂಡೆ.

ಇಲ್ಲಿ ಇನ್ನೊಂದು ಆಯ್ತು. ಬಂದದ್ದು ಸಂಬಳದ ಮೇಲೆ. ಸ್ವಲ್ಪ ಕಾಲದಲ್ಲೇ ಸಂಬಳ ಬೇಡ ಅಂದು ಆಶ್ರಮಕ್ಕೆ ಸೇರಿಬಿಟ್ಟರು. ಶ್ರೀ ಅರವಿಂದರು ಕೊಟ್ಟ ಹೆಸರು ಸುಂದರಾನಂದ, ಸೌಂದರ್ಯದಲ್ಲಿ ಆನಂದ ಕಾಣುವವನು. ಆನ್‌ಸೈಟ್ ಹೋದವನು ಕ್ಲೈಂಟ್ ಮನೆಯಲ್ಲೇ ಸಂನ್ಯಾಸಿಯಾದ ಹಾಗೆ. ಆದರೆ ಅದೇ ಸ್ಥಿರ ಆಗಲಿಲ್ಲ. 1939ರಲ್ಲಿ ಯುದ್ಧ ಶುರುವಾದ ಹೊತ್ತಿಗೆ ಭಾರತ ಬಿಟ್ಟರು. ಕಟ್ಟಡ ಮುಗಿಯೋಕೆ ಮುಂಚೆಯೇ.

ಜಪಾನಿಗೆ ಹೋದಾಗ ಮ್ಯಾರಿಯನ್ ಒಕಾಜಿಮಾ ಪರಿಚಯ ಆದರು, ಅವರೂ ಅಮೆರಿಕದಲ್ಲಿ ಹುಟ್ಟಿದ ಜಪಾನಿಯೇ. 1941ರಲ್ಲಿ ಅಮೆರಿಕದಲ್ಲಿ ಮದುವೆ. ಈ ಹೊತ್ತಿಗೆ ನಕಾಶಿಮಾ ಆರ್ಕಿಟೆಕ್ಚರ್ ಬಿಡೋ ತೀರ್ಮಾನ ಮಾಡಿದ್ದರು. ಕಾರಣ ಅವರೇ ಬರೆದಿದ್ದಾರೆ. ಪಶ್ಚಿಮ ಕರಾವಳಿಯಲ್ಲಿ ಹೊಸ ಕಟ್ಟಡಗಳನ್ನ ನೋಡ್ತಾ ಹೋದಾಗ ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸದ ಒಂದು ಕಟ್ಟಡದ ಕೆಲಸ ನೋಡಿದರು. ರೈಟ್ ಅಂದರೆ ಆ ಕಾಲದ ದೇವರು. ವಿನ್ಯಾಸ ದೊಡ್ಡದು, ಕಟ್ಟಿರೋ ರೀತಿ ಕಳಪೆ. ಚಿತ್ರ ಬರೆದವನ ಮನಸ್ಸು ಒಂದು, ಕಟ್ಟುವವನ ಕೈ ಇನ್ನೊಂದು, ಮಧ್ಯೆ ಹತ್ತು ಜನ. ಶುರುವಿಂದ ಕೊನೆತನಕ ತನ್ನ ಹಿಡಿತದಲ್ಲೇ ಇರುವಂಥ ಕೆಲಸ ಬೇಕು ಅಂತ ಅವರಿಗೆ ಅನಿಸಿದ್ದು ಆಗ.

ಇದನ್ನ ಓದಿದಾಗ ನನಗೆ ಇದು ಆಫೀಸಿನ ಮಾತು ಅಂತಲೇ ಅನಿಸ್ತು. ನಾವು ಬರೆದ ಕೋಡ್ ಯಾರಿಗೆ ತಲುಪುತ್ತೆ, ಅವರು ಅದನ್ನ ಹೇಗೆ ಬಳಸ್ತಾರೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ರಿಕ್ವೈರ್‌ಮೆಂಟ್ ಒಬ್ಬರು ಬರೀತಾರೆ, ಡಿಸೈನ್ ಇನ್ನೊಬ್ಬರದು, ನಮ್ಮ ಪಾಲಿಗೆ ಒಂದು ಟಿಕೆಟ್. ಟಿಕೆಟ್ ಕ್ಲೋಸ್ ಮಾಡಿ ಮನೆಗೆ ಹೋಗ್ತೀವಿ. ಸಂಬಳಕ್ಕಿಂತ, ಟ್ರಾಫಿಕ್‌ಗಿಂತ ಹೆಚ್ಚಾಗಿ ಇದೇ ನಮ್ಮನ್ನ ಸುಸ್ತು ಮಾಡೋದು ಅಂತ ನನ್ನ ಅನುಮಾನ. ನಕಾಶಿಮಾ ತಂತ್ರಜ್ಞಾನದಿಂದ ಓಡಿಹೋಗಲಿಲ್ಲ. ಅವರು ಬಿಟ್ಟಿದ್ದು ಆ ಮಧ್ಯದ ಹತ್ತು ಜನರನ್ನ.

ಸಿಯಾಟಲ್‌ನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಹುಡುಗರ ಕ್ಲಬ್ಬಿನ ಕಟ್ಟಡದಲ್ಲಿ ಜಾಗ ಕೊಟ್ಟರು. ಬಾಡಿಗೆ ಬದಲು ಹುಡುಗರಿಗೆ ಮರಗೆಲಸ ಹೇಳಿಕೊಡಬೇಕು. ಅದು ಮೊದಲನೇ ವರ್ಕ್‌ಶಾಪ್. ಚೆನ್ನಾಗಿ ನಡೀತಿತ್ತು ಅನ್ನೋವಾಗ 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನ ಶಿಬಿರಗಳಿಗೆ ಹಾಕಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಗಂಡ, ಹೆಂಡತಿ, ಆಗಷ್ಟೇ ಹುಟ್ಟಿದ ಮಗಳು ಮೀರಾ, ಮೂವರೂ ಐಡಾಹೋ ರಾಜ್ಯದ ಮಿನಿಡೋಕಾ ಶಿಬಿರ ಸೇರಿದರು. ಎಂಐಟಿ ಡಿಗ್ರಿ, ಐದು ದೇಶದ ಅನುಭವ, ಯಾವುದೂ ಮುಳ್ಳುತಂತಿಯ ಎದುರು ಲೆಕ್ಕಕ್ಕೆ ಬರಲಿಲ್ಲ.

ಆ ಶಿಬಿರದಲ್ಲಿ ಗೆಂಟಾರೊ ಹಿಕೊಗಾವಾ ಅನ್ನುವ ಬಡಗಿ ಸಿಕ್ಕಿದರು. ಜಪಾನಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ತಯಾರಾದವರು. ಇಬ್ಬರೂ ಸೇರಿ ಕಟ್ಟಡ ಕೆಲಸದಲ್ಲಿ ಉಳಿದ ತುಂಡು ಹಲಗೆ, ಮರುಭೂಮಿಯ ಕುರುಚಲು ಮರ, ಸಿಕ್ಕಿದ್ದರಲ್ಲಿ ಶಿಬಿರದ ಮನೆಗಳಿಗೆ ಸಾಮಾನು ಮಾಡಿದರು. ಜಪಾನಿ ಗರಗಸ ಎಳೆಯುವಾಗ ಕೊಯ್ಯುತ್ತೆ, ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಗರಗಸ ತಳ್ಳುವಾಗ ಕೊಯ್ಯುತ್ತೆ. ಉಳಿ ಹಿಡಿಯೋದು, ಅದನ್ನ ಮಸೆಯೋದು, ಮೊಳೆ ಇಲ್ಲದೆ ಮರಕ್ಕೆ ಮರ ಕಚ್ಚಿಸೋದು, ಇದೆಲ್ಲ ಕೈಯಿಂದ ಕೈಗೆ ಕಲಿಯೋ ವಿದ್ಯೆ. 37 ವರ್ಷದ ಆರ್ಕಿಟೆಕ್ಟ್ ಶಿಷ್ಯನಾಗಿ ನಿಂತು ಕಲಿತರು.

ಅವರ ಬಗ್ಗೆ ಬರೆಯೋರು ಕೆಲವರು ಈ ಭಾಗಕ್ಕೆ ಬಂದಾಗ ‘ಶಾಪವೇ ವರವಾಯಿತು’ ಅನ್ನೋ ಧಾಟಿ ಹಿಡೀತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಅಂಗಡಿ ಹೋಯ್ತು, ಮನೆ ಹೋಯ್ತು, ಕೈಗೂಸನ್ನ ಧೂಳಿನ ಬ್ಯಾರಕ್‌ನಲ್ಲಿ ಸಾಕಬೇಕಾಯ್ತು. ಹಿಕೊಗಾವಾ ಅಲ್ಲಿ ಸಿಗದಿದ್ದರೆ ಆ ಕಾಲ ಪೂರ್ತಿ ನಷ್ಟವೇ. ಗುರು ಸಿಕ್ಕಿದ್ದು ಆ ಜನರ ಒಳ್ಳೆಯತನ, ಶಿಬಿರದ್ದಲ್ಲ.

1943ರಲ್ಲಿ ಹಳೆಯ ಬಾಸ್ ರೇಮಂಡ್ ಜಾಮೀನು ನಿಂತು ಬಿಡಿಸಿಕೊಂಡರು. ಅವರೂ ಆಗ ಅಮೆರಿಕಕ್ಕೆ ವಾಪಸ್ ಬಂದು ನ್ಯೂ ಹೋಪ್ ಹತ್ತಿರ ತೋಟ ಮಾಡಿಕೊಂಡಿದ್ದರು. ಆದರೆ ರೇಮಂಡ್ ಹತ್ರ ಸರ್ಕಾರಿ ಯುದ್ಧಕಾಲದ ಕೆಲಸ ಇತ್ತು, ಶಿಬಿರದಿಂದ ಬಂದವರನ್ನ ಆಫೀಸ್ ಕೆಲಸಕ್ಕೆ ಹಾಕಿಕೊಳ್ಳೋ ಹಾಗಿರಲಿಲ್ಲ. ಹಾಗಾಗಿ ನಕಾಶಿಮಾ ಮಾಡಿದ್ದು ತೋಟದ ಕೆಲಸ, ಕೋಳಿ ನೋಡಿಕೊಳ್ಳೋದು. ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಈ ಸಾಲನ್ನ ಹೇಗೆ ಹಾಕ್ತೀರಿ, ಯೋಚನೆ ಮಾಡಿ.

ಅಲ್ಲಿಂದ ಸ್ವಂತ ಕೆಲಸಕ್ಕೆ ಬಂದದ್ದು ಚೂರು ಚೂರಾಗಿ. ಹತ್ತಿರದಲ್ಲೇ ಮೂರು ಎಕರೆ ಇಳಿಜಾರು ಜಾಗ, ದುಡ್ಡಿನ ಬದಲು ದುಡಿಮೆ ಕೊಟ್ಟು ಪಡೆದದ್ದು. 1946ರ ಸುಮಾರಿಗೆ ಅಲ್ಲಿ ಮೊದಲು ವರ್ಕ್‌ಶಾಪ್ ಕಟ್ಟಿದರು, ಆಮೇಲೆ ಮನೆ. ಕಟ್ಟಿದ್ದು ಬಹುಪಾಲು ತಮ್ಮ ಕೈಯಾರೆ. ಎಂಐಟಿಯಿಂದ ಹೊರಬಿದ್ದ ಮೇಲೆ ಇಲ್ಲಿಗೆ ಹದಿನೈದು ವರ್ಷ ಆಗಿತ್ತು. ವಿಡಿಯೋದಲ್ಲಿ ಒಂದನೇ ನಿಮಿಷಕ್ಕೂ ಎರಡನೇ ನಿಮಿಷಕ್ಕೂ ನಡುವೆ ಬಿಟ್ಟುಹೋಗೋದು ಇದು.

ದುಡ್ಡಿನ ವಿಷಯ ಹೇಳಬೇಕು. ಎಲ್ಲಾ ಒಂದೇ ಕೈಯಲ್ಲಿರಬೇಕು ಅಂತ ಹೊರಟವರು ಕಾರ್ಖಾನೆ ಕಡೆ ತಿರುಗಿಯೂ ನೋಡಲಿಲ್ಲ ಅಂದುಕೊಳ್ಳಬೇಡಿ. ನಾಲ್ ಅನ್ನುವ ದೊಡ್ಡ ಫರ್ನಿಚರ್ ಕಂಪನಿಗೆ 1940ರ ದಶಕದಲ್ಲೇ ಕುರ್ಚಿ ಡಿಸೈನ್ ಮಾಡಿ ಕೊಟ್ಟರು. ಮುಂದೆ ವಿಡಿಕೂಂಬ್ ಅನ್ನುವ ಕಂಪನಿಗೂ ಒಂದು ಶ್ರೇಣಿ ಮಾಡಿಕೊಟ್ಟರು. ಲೆಕ್ಕಪತ್ರ, ವ್ಯವಹಾರದ ಕಡೆ ನೋಡಿಕೊಂಡವರು ಮ್ಯಾರಿಯನ್. ಕಲಾವಿದ ಗಂಡನ ಹೆಸರು ಮಾತ್ರ ಬೋರ್ಡ್ ಮೇಲೆ ಬರುತ್ತೆ, ಬಿಲ್ ಬರೆಯೋರು ಯಾರು ಅಂತ ನಾವು ಕೇಳಲ್ಲ. ಈ ವರ್ಕ್‌ಶಾಪ್ ಬದುಕಿದ್ದಕ್ಕೆ ಉಳಿಯಷ್ಟೇ ಆ ಲೆಕ್ಕದ ಪುಸ್ತಕವೂ ಕಾರಣ ಅಂತ ನಾನು ನಂಬ್ತೀನಿ.

ಬಂಡವಾಳ ಎಲ್ಲಿ ಕೂರುತ್ತೆ ಗೊತ್ತಾ? ಒಣಗ್ತಾ ಇರೋ ಹಲಗೆಯಲ್ಲಿ. ಅಕ್ರೋಟು ಮರದ ದೊಡ್ಡ ದಿಮ್ಮಿ ಕೊಂಡುಕೊಂಡರೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಪೊಟರೆ ಇರಬಹುದು, ಯಾರೋ ಎಂದೋ ಹೊಡೆದ ಮೊಳೆ ಇರಬಹುದು, ಅಥವಾ ನವಿಲುಗರಿ ಥರ ಎಳೆ ಇರಬಹುದು. ಸಾ ಮಿಲ್‌ನಲ್ಲಿ ನಕಾಶಿಮಾ ಖುದ್ದಾಗಿ ನಿಂತು ಯಾವ ದಿಕ್ಕಲ್ಲಿ, ಎಷ್ಟು ದಪ್ಪಕ್ಕೆ ಕೊಯ್ಯಬೇಕು ಅಂತ ಹೇಳ್ತಿದ್ದರು. ಒಂದು ಸಲ ಗರಗಸ ಹಾದರೆ ಮುಗೀತು, ಅಂಡೂ ಇಲ್ಲ, ಗಿಟ್ ರಿವರ್ಟ್ ಇಲ್ಲ. ಕೊಯ್ದ ಹಲಗೆಗಳನ್ನ ಮರದಲ್ಲಿದ್ದ ಕ್ರಮದಲ್ಲೇ ಜೋಡಿಸಿ, ನಡುವೆ ಸಣ್ಣ ರೀಪು ಇಟ್ಟು ಗಾಳಿಗೆ ಒಣಗಿಸಬೇಕು. ಒಂದು ಇಂಚು ದಪ್ಪಕ್ಕೆ ಸರಾಸರಿ ಒಂದು ವರ್ಷ ಅಂತ ಬಡಗಿಗಳ ಲೆಕ್ಕ. ಅಷ್ಟು ವರ್ಷ ಆ ದುಡ್ಡು ಅಲ್ಲೇ ಮಲಗಿರುತ್ತೆ. ಇಎಂಐ ಕಟ್ಟೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮರದ ಮೆಕ್ಯಾನಿಕ್ಸ್. ಮುಂಬೈನಲ್ಲಿರೋರಿಗೆ ಗೊತ್ತು, ಜುಲೈ ಬಂತು ಅಂದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ, ಡಿಸೆಂಬರ್‌ನಲ್ಲಿ ತಾನೇ ಸರಿಹೋಗುತ್ತೆ. ತೇವ ಕುಡಿದರೆ ಹಲಗೆ ಅಗಲಕ್ಕೆ ಹಿಗ್ಗುತ್ತೆ, ಉದ್ದಕ್ಕೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂರಡಿ ಅಗಲದ ಒಂದೇ ಹಲಗೆಯನ್ನ ಕೆಳಗಿನ ಕಾಲುಗಳಿಗೆ ಬಿಗಿಯಾಗಿ ಮೊಳೆ ಹೊಡೆದು ಕೂರಿಸಿದರೆ ಅದು ಸೀಳದೆ ಬಿಡಲ್ಲ. ಹಾಗಾಗಿ ಹಲಗೆ ಓಡಾಡೋಕೆ ಜಾಗ ಬಿಟ್ಟು ಜೋಡಿಸಬೇಕು. ಇದು ಸೇತುವೆಯಲ್ಲಿ ಎಕ್ಸ್‌ಪಾನ್ಶನ್ ಜಾಯಿಂಟ್ ಇಡೋ ತಲೆಯೇ. ಮೊದಲೇ ಬಿರುಕಿದ್ದರೆ? ಬೇರೆಯವರು ಆ ಭಾಗ ಕತ್ತರಿಸಿ ಎಸೀತಿದ್ದರು. ನಕಾಶಿಮಾ ಬಿರುಕಿಗೆ ಅಡ್ಡಲಾಗಿ ಡಮರುಗದ ಆಕಾರದ ಗಟ್ಟಿ ಮರದ ತುಂಡನ್ನ ಕೂರಿಸ್ತಿದ್ದರು. ಆ ತುಂಡಿನ ಎಳೆ ಬಿರುಕಿಗೆ ಅಡ್ಡ ಓಡುತ್ತೆ, ಎರಡೂ ಕಡೆ ಅಗಲ, ನಡುವೆ ಸಣ್ಣ ಸೊಂಟ. ಬಿರುಕು ಮುಂದೆ ಬಾಯಿ ಬಿಡದ ಹಾಗೆ ಹಿಡಿದುಕೊಳ್ಳುತ್ತೆ. ಇಂಗ್ಲಿಷಿನವರು ಇದನ್ನ ಚಿಟ್ಟೆ ಅಂತಾರೆ. ಉಪಾಯ ಅವರು ಕಂಡುಹಿಡಿದದ್ದಲ್ಲ, ಹಳೇದು. ಮುಚ್ಚಿಡೋ ಬದಲು ಎಲ್ಲರಿಗೂ ಕಾಣೋ ಹಾಗೆ ಇಟ್ಟರು, ಅದೇ ಅವರ ಗುರುತಾಯ್ತು.

ಓದಿದ್ದು ಯಾವುದೂ ವ್ಯರ್ಥ ಆಗಲಿಲ್ಲ ಅನ್ನೋದಕ್ಕೆ ಅವರ ಕಾನಾಯ್ಡ್ ಸ್ಟುಡಿಯೋ ನೋಡಬೇಕು. 1950ರ ದಶಕದ ಕೊನೆಗೆ ತಮ್ಮ ಜಾಗದಲ್ಲೇ ಕಟ್ಟಿದ್ದು. ಮಾಡು ತೆಳ್ಳನೆಯ ಕಾಂಕ್ರೀಟ್ ಚಿಪ್ಪು, ಒಂದು ಕಡೆ ಅಲೆಅಲೆಯಾದ ಕಮಾನು, ಇನ್ನೊಂದು ಕಡೆ ನೇರ ಗೆರೆ. ಒಳಗೆ ಒಂದೂ ಕಂಬ ಇಲ್ಲ. ಪಾಂಡಿಚೇರಿಯಲ್ಲಿ ಕಾಂಕ್ರೀಟ್ ಕಲಿತ ಕೈ ಅದು. ಅದೇ ಹೆಸರಿನ ಒಂದು ಕುರ್ಚಿಯನ್ನೂ ಮಾಡಿದರು, ಎರಡೇ ಕಾಲಿನದು. ಕೂತವರ ಭಾರ ಮುಂದಕ್ಕೆ ಚಾಚಿದ ಸೀಟಿನಿಂದ ಆ ಎರಡು ಕಾಲಿಗೆ, ಅಲ್ಲಿಂದ ಕೆಳಗಿನ ಉದ್ದದ ಪಾದಗಳಿಗೆ ಇಳಿಯುತ್ತೆ. ನಿಲ್ಲೋದಿಲ್ಲ ಅಂತ ಕೆಲವರು ಅಂದರಂತೆ. ಅರವತ್ತು ವರ್ಷ ದಾಟಿದರೂ ನಿಂತಿದೆ.

ಭಾರತಕ್ಕೆ ಮತ್ತೆ ಬಂದರು. 1964ರಲ್ಲಿ ಗೀರಾ ಸಾರಾಭಾಯಿಯವರ ಆಹ್ವಾನದ ಮೇಲೆ ಅಹಮದಾಬಾದಿನ ಎನ್ಐಡಿಗೆ. ಅಲ್ಲಿನ ವರ್ಕ್‌ಶಾಪ್‌ನಲ್ಲಿ ಅವರ ವಿನ್ಯಾಸಗಳನ್ನ ನಮ್ಮ ಬಡಗಿಗಳು ಮಾಡಿದರು. 1973ರಲ್ಲಿ ನೆಲ್ಸನ್ ರಾಕ್‌ಫೆಲರ್ ತಮ್ಮ ನ್ಯೂಯಾರ್ಕ್ ಮನೆಗೆ 200 ಸಾಮಾನು ಮಾಡಿಸಿದಾಗ ಹೆಸರು ಎಲ್ಲಾ ಕಡೆ ಹೋಯ್ತು. ಆಗ ಅವರಿಗೆ 68 ವರ್ಷ. 1981ರಲ್ಲಿ ‘ದಿ ಸೋಲ್ ಆಫ್ ಎ ಟ್ರೀ’ ಪುಸ್ತಕ ಬಂತು, ಇವತ್ತು ನಾನು ಹೇಳಿದ್ದರಲ್ಲಿ ಎಷ್ಟೋ ಅಲ್ಲಿಂದ ತಗೊಂಡದ್ದು. ಇಷ್ಟು ಹೆಸರಾದರೂ ಬಹಳ ಕಾಲ ಸಾಮಾನಿನ ಮೇಲೆ ತಮ್ಮ ಸಹಿ ಹಾಕಲಿಲ್ಲ. ಕೆಳಭಾಗದಲ್ಲಿ ಬರೀತಿದ್ದದ್ದು ಗಿರಾಕಿಯ ಹೆಸರು, ಈ ಹಲಗೆ ಇಂಥವರಿಗೆ ಅಂತ. ಗಿರಾಕಿ ಬಂದು ಕೂತಾಗ ಪೆನ್ಸಿಲ್‌ನಲ್ಲಿ ಸ್ಕೆಚ್ ಹಾಕಿ ತೋರಿಸ್ತಿದ್ದರು. ಅಂಥ ಒಬ್ಬ ಗಿರಾಕಿಯ ಮನೆಗೆ 1989ರಲ್ಲಿ ಬೆಂಕಿ ಬಿದ್ದು ಇವರು ಮಾಡಿದ ನೂರಕ್ಕೂ ಹೆಚ್ಚು ಸಾಮಾನು ಸುಟ್ಟುಹೋಯ್ತು. 84ನೇ ವಯಸ್ಸಲ್ಲಿ ಅವನ್ನ ಮತ್ತೆ ಮಾಡೋಕೆ ಕೂತರು.

ಮರುವರ್ಷ ಜೂನ್‌ನಲ್ಲಿ ತೀರಿಹೋದರು. ಆರ್ಡರ್ ಕೊಟ್ಟು ಕಾಯ್ತಾ ಇದ್ದವರಲ್ಲಿ ಕೆಲವರು, ಇನ್ನು ಅವರೇ ಇಲ್ಲವಲ್ಲ ಅಂತ ರದ್ದು ಮಾಡಿದರು. ಮಿನಿಡೋಕಾ ಶಿಬಿರಕ್ಕೆ ಕೈಗೂಸಾಗಿ ಹೋಗಿದ್ದ ಮಗಳು ಮೀರಾ ಆ ಹೊತ್ತಿಗೆ ತಂದೆಯ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದರು. ಅವರೂ ಆರ್ಕಿಟೆಕ್ಚರ್ ಓದಿದವರು. ಅಪ್ಪ ಕೊಯ್ಯಿಸಿ ಒಣಗಲು ಇಟ್ಟಿದ್ದ ಹಲಗೆಗಳ ರಾಶಿ ಇತ್ತು, ಅಪ್ಪನ ಹತ್ರ ಪಳಗಿದ ಕೆಲಸಗಾರರು ಇದ್ದರು. ವರ್ಕ್‌ಶಾಪ್ ನಿಲ್ಲಲಿಲ್ಲ. 2014ರಲ್ಲಿ ಆ ಜಾಗವನ್ನ ಅಮೆರಿಕ ಸರ್ಕಾರ ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಣೆ ಮಾಡಿತು. ಹಿಂದೆ ಇದೇ ಸರ್ಕಾರ ಅವರನ್ನ ಎಲ್ಲಿಗೆ ಕಳಿಸಿತ್ತು ಅನ್ನೋದು ನೆನಪಿರಲಿ.

ಕೊನೆಗೆ ಒಂದು ದಿಮ್ಮಿಯ ವಿಷಯ ಉಳೀತು. 1984ರಲ್ಲಿ ಅವರಿಗೆ ಬಹಳ ದೊಡ್ಡ ಅಕ್ರೋಟು ಮರವೊಂದು ಸಿಕ್ಕಿತು, ತಾವು ಕಂಡದ್ದರಲ್ಲೇ ದೊಡ್ಡದು. ಅದರ ಹಲಗೆಗಳಿಂದ ಒಂದೊಂದು ಖಂಡಕ್ಕೆ ಒಂದೊಂದು ಶಾಂತಿ ಪೀಠ ಮಾಡಬೇಕು ಅಂತ ಆಸೆ. ಮೊದಲನೇದು 1986ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ ಕೆಥೆಡ್ರಲ್‌ಗೆ ಹೋಯ್ತು. ಏಷ್ಯಾದ ಪಾಲಿನದು ಅವರು ಹೋದ ಮೇಲೆ, 1990ರ ದಶಕದಲ್ಲಿ ಮುಗಿದು ಆರೋವಿಲ್‌ಗೆ ಬಂತು. ಈಗಲೂ ಅಲ್ಲೇ ಇದೆ. ಪಾಂಡಿಚೇರಿಗೆ ಹೋದಾಗ ಬೀಚು, ಕೆಫೆ ಮುಗಿಸಿ ಒಂದು ಗಂಟೆ ಉಳಿದರೆ ಹೋಗಿ ನೋಡಿ. ಗೋಲ್ಕೊಂಡ ಒಳಗೆ ಈಗಲೂ ಜನ ವಾಸ ಇದ್ದಾರೆ, ಹಾಗಾಗಿ ಆಶ್ರಮದಲ್ಲಿ ಮೊದಲೇ ಕೇಳಿಕೊಂಡು ಹೋಗೋದು ಒಳ್ಳೇದು. ಆರೋವಿಲ್‌ನ ಮೇಜಿನ ಹತ್ರ ಮಾತ್ರ ಸ್ವಲ್ಪ ಬಗ್ಗಿ ಬಿರುಕುಗಳ ಕಡೆ ನೋಡಿ. ಡಮರುಗ ಎಲ್ಲೆಲ್ಲಿ ಕೂರಿಸಿದ್ದಾರೆ, ಎಲ್ಲಿ ಬಿರುಕನ್ನ ಹಾಗೇ ಬಿಟ್ಟಿದ್ದಾರೆ ಅಂತ ಕಾಣುತ್ತೆ.

ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ, ಮರಗೆಲಸ ಮಾಡೋರು ಯಾರಾದರೂ ಇದ್ದರೆ ನಾನೇ ನಿಮ್ಮನ್ನ ಕೇಳ್ತೀನಿ.